ಮೂರನೇ ಮಹಡಿಯ ಕಡಲು

ಕಡಲು ಕಾಣುವ ಕೋಣೆ ಎಂದ ಮೇಲೆ ಕಡಲು ಕಾಣಬೇಕು. ಇದರಲ್ಲಿ ವಾದ ಮಾಡುವುದಕ್ಕೆ ಏನಿದೆ? ಗೋಡೆ ಕಾಣುವ ಕೋಣೆ ಎಂದು ಹೇಳಿದ್ದರೆ ಗ್ಲೋಬು ಮೇಷ್ಟ್ರು ಬೆಳಗ್ಗೆ ಏಳು ಗಂಟೆಗೆ ಕಿಟಕಿ ತೆರೆದು, ಗೋಡೆಯನ್ನು ನೋಡಿ, ತೃಪ್ತಿಯಿಂದ ಹಲ್ಲುಜ್ಜಲು ಹೋಗುತ್ತಿದ್ದರು. ಆದರೆ ಹೋಟೆಲಿನವರು ಫೋನಿನಲ್ಲಿ ಹೇಳಿದ್ದು ಕಡಲು, ರಸೀದಿಯಲ್ಲಿ ಬರೆದದ್ದು ಕಡಲು, ಕಿಟಕಿ ತೆರೆದಾಗ ಎದುರಿಗೆ ನಿಂತದ್ದು ಪಕ್ಕದ ಕಟ್ಟಡದ ಬೆನ್ನು. ಅದೂ ಎಷ್ಟು ಹತ್ತಿರವೆಂದರೆ ಕೈ ಚಾಚಿದರೆ ಅದರ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯಬಹುದಿತ್ತು.

ಮೇಷ್ಟ್ರು ಕಡಲಿಗೆ ಬಲು ದೂರದ ಊರಿನವರು. ಇಪ್ಪತ್ತಾರು ವರ್ಷಗಳಿಂದ ಒಂದೇ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ಕಂಕುಳಲ್ಲಿ ಗ್ಲೋಬು ಇಟ್ಟುಕೊಂಡೇ ತರಗತಿಗೆ ಬರುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅಲೆ ಹೇಗೆ ಏಳುತ್ತದೆ, ಉಬ್ಬರವಿಳಿತ ಯಾಕೆ ಆಗುತ್ತದೆ, ಬಿಸಿನೀರಿನ ಪ್ರವಾಹ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಹೋದ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ನೀವು ಕಡಲು ನೋಡಿದ್ದೀರಾ?" ಎಂದು ಕೇಳಿಬಿಟ್ಟಳು. ಮೇಷ್ಟ್ರು "ನೋಡದೇ ಪಾಠ ಮಾಡ್ತಾರೇನಮ್ಮ, ಕೂತ್ಕೋ" ಎಂದರು. ಹಸಿ ಸುಳ್ಳು. ನಕ್ಷೆಯಲ್ಲಿ ಬಿಟ್ಟರೆ ಅವರು ಕಡಲನ್ನು ಕಂಡವರೇ ಅಲ್ಲ.

ಆ ಸುಳ್ಳು ಒಂದು ವರ್ಷ ಅವರನ್ನು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಿತು. ಈ ವರ್ಷದ ಕಡಲಿನ ಪಾಠ ನಾಳೆ ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿತ್ತು. ಮುಂದಿನ ಬೆಂಚಿನಲ್ಲಿ ಈಗ ಆ ಹುಡುಗಿಯ ತಂಗಿ ಕೂರುತ್ತಿದ್ದಳು. ಅಕ್ಕನದೇ ಮುಖ, ಅಕ್ಕನದೇ ನೋಟ. ಅವಳು ಕೇಳುವಷ್ಟರಲ್ಲಿ ಸುಳ್ಳನ್ನು ನಿಜ ಮಾಡಿಬಿಡಬೇಕೆಂದು ಮೇಷ್ಟ್ರು ಒಂದೇ ಒಂದು ದಿನ ರಜೆ ಹಾಕಿ ಈ ಊರಿಗೆ ಬಂದಿದ್ದರು. ಬರುವಾಗ ರಾತ್ರಿ ಬಸ್ಸು, ಗಡದ್ದಾಗಿ ನಿದ್ದೆ. ಹಿಂದಿರುಗಲು ಸಂಜೆ ನಾಲ್ಕೂವರೆಯ ಬಸ್ಸು. ಹೊರಡುವಾಗ ಹೆಂಡತಿ ಒಂದೇ ಮಾತು ಹೇಳಿದ್ದರು: "ಕಡಲು ನೋಡ್ಕೊಂಡು ಬನ್ನಿ. ಯಾರ ಜೊತೆಗೂ ಜಗಳ ಆಡ್ಬೇಡಿ."

ಮೇಷ್ಟ್ರು ಬನಿಯನ್ನಿನಲ್ಲೇ ಮೂರು ಮಹಡಿ ಇಳಿದು ಕೌಂಟರಿಗೆ ಹೋದರು. ಮ್ಯಾನೇಜರ್ ಯಾವ ಬೈಗುಳಕ್ಕೂ ಕದಲದ, ನುಣುಪು ಮಾತಿನ ಮನುಷ್ಯ. ಮೇಷ್ಟ್ರು ಗೋಡೆಯ ಬಗ್ಗೆ ಹೇಳಿದ್ದನ್ನೆಲ್ಲ ಅವನು ತಲೆಯಾಡಿಸುತ್ತ ಕೇಳಿದ.

"ಕಡಲು ಇಲ್ಲಿಂದ ಐದೇ ನಿಮಿಷ ಸಾರ್. ಬಾಗಿಲು ದಾಟಿ ಬಲಕ್ಕೆ ತಿರುಗಿ ನೇರ ಹೋದ್ರೆ ಕಾಲಿಗೇ ತಾಗುತ್ತೆ."

"ಬೀದಿಯಲ್ಲಿರೋ ಕಡಲನ್ನ ಬೀದಿಯವರು ನೋಡ್ಲಿ. ರಸೀದಿಯಲ್ಲಿ ಬರೆದಿದ್ದೀರಲ್ಲ, ಆ ಕಡಲು ಎಲ್ಲಿ?"

ಈ ವಿಷಯದಲ್ಲಿ ನಾನು ಮೇಷ್ಟ್ರ ಪರ. ಅವರು ಆಗ ಬಲಕ್ಕೆ ತಿರುಗಿದ್ದರೆ ಐದು ನಿಮಿಷದಲ್ಲಿ ಕಾಲು ಒದ್ದೆಯಾಗುತ್ತಿತ್ತು, ನಿಜ. ಆದರೆ ಇಂಥ ಹೋಟೆಲುಗಳು ಬೆಳೆದದ್ದೇ ಹೀಗೆ ಸುಮ್ಮನೆ ಬಲಕ್ಕೆ ತಿರುಗುವವರಿಂದ. ಮೇಷ್ಟ್ರು ತಿರುಗಲಿಲ್ಲ. ದೂರು ಪುಸ್ತಕ ಕೇಳಿದರು.

ಪುಸ್ತಕ ಹೊಚ್ಚಹೊಸದು. ಹಿಂದಿನದು ತುಂಬಿಹೋಗಿತ್ತಂತೆ. ಮೇಷ್ಟ್ರು ಕೂತು ಒಂದು, ಎರಡು ಎಂದು ಅಂಕಿ ಹಾಕಿ ಹನ್ನೊಂದು ಅಂಶಗಳ ದೂರು ಬರೆದರು. ಏಳನೆಯ ಅಂಶದಲ್ಲಿ ಗೋಡೆಗೂ ಕಡಲಿಗೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿದ್ದರು. ಬರೆದು ಮುಗಿಸುವಷ್ಟರಲ್ಲಿ ಒಂಬತ್ತೂವರೆ. ಮ್ಯಾನೇಜರ್ ಪೂರ್ತಿ ಓದಿ, ಅಕ್ಷರ ಮುತ್ತಿನಂತಿದೆ ಎಂದು ಹೊಗಳಿ, ಆಮೇಲೆ ಏನೋ ನೆನಪಾದವನಂತೆ ಕೇಳಿದ.

"ಸ್ನಾನದ ಮನೆಯಲ್ಲಿ ನೋಡಿದ್ರಾ ಸಾರ್? ಅಲ್ಲಿ ಮೇಲೊಂದು ವೆಂಟಿಲೇಟರ್ ಇದೆ. ಅದರಿಂದ ಕಾಣುತ್ತೆ ಅಂತ ನನ್ನ ಮುಂಚೆ ಇದ್ದ ಮ್ಯಾನೇಜರ್ ಹೇಳ್ತಿದ್ರು. ನಾನು ಹತ್ತಿ ನೋಡಿಲ್ಲ, ಹೊಟ್ಟೆ ಅಡ್ಡ ಬರುತ್ತೆ."

ಕಡಲನ್ನು ಸ್ನಾನದ ಮನೆಯಲ್ಲಿ ನೋಡುವುದೇ? ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಕಾಣದಿದ್ದರೆ ಹನ್ನೆರಡನೆಯ ಅಂಶ ಬರೆಯುವುದಾಗಿ ಹೇಳಿ ಮೆಟ್ಟಿಲು ಹತ್ತಿದರು. ಅವರ ಗಲಾಟೆ ಕೇಳಿ ಎದ್ದು ಬಂದಿದ್ದ ಪಕ್ಕದ ಕೋಣೆಯ ವಿಮೆ ಏಜೆಂಟ್ ಹಿಂದೆಯೇ ಬಂದ. ಅವನು ಯಾರೂ ಕರೆಯದೆ ಬರುವವನು, ಯಾರು ಹೇಳಿದರೂ ಹೋಗದವನು. ಬಕೆಟ್ಟನ್ನು ಬೋರಲು ಹಾಕಿ, ಮೇಷ್ಟ್ರ ಸೊಂಟವನ್ನು ಗಟ್ಟಿಯಾಗಿ ಹಿಡಿದು, ಹತ್ತಿ ಎಂದ.

ವೆಂಟಿಲೇಟರಿಗೆ ಓರೆಯಾದ ಗಾಜಿನ ಪಟ್ಟಿಗಳಿದ್ದವು. ಎರಡು ಪಟ್ಟಿಗಳ ನಡುವಿನ ಸಂದಿಗೆ ಮೇಷ್ಟ್ರು ಕಣ್ಣಿಟ್ಟರು. ಒಂದು ಮೋಟುಗೋಡೆಯ ಆಚೆ ನೀಲಿ. ಉದ್ದಕ್ಕೂ ನೀಲಿ. ಅದು ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು, ದಪದಪ ಎಂದು ಸದ್ದು ಮಾಡುತ್ತಿತ್ತು. ಇಪ್ಪತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದು ಇದನ್ನೇ. ಅವರ ಕಣ್ಣು ತುಂಬಿ ಬಂತು.

"ಸ್ವಲ್ಪ ಇಳೀರಿ ಮೇಷ್ಟ್ರೆ," ಎಂದ ಏಜೆಂಟ್. "ಹನ್ನೊಂದು ವರ್ಷದಿಂದ ಈ ಊರಿಗೆ ಬರ್ತಿದ್ದೀನಿ, ಕೆಲಸದ ಗಡಿಬಿಡಿಯಲ್ಲಿ ಒಂದು ಸಲಾನೂ ಕಡಲ ಕಡೆ ಹೋಗೋಕಾಗಿಲ್ಲ."

ಇಳಿದದ್ದೇ ತಪ್ಪಾಯಿತು. ಏಜೆಂಟ್ ನೋಡಿದ, ಆಹಾ ಎಂದ, ಹೊರಗೆ ಹೋಗಿ ಮಹಡಿಗೆಲ್ಲ ಕೇಳಿಸುವಂತೆ ಸುದ್ದಿ ಹೇಳಿದ. ಎದುರು ಕೋಣೆಯ ಅಜ್ಜಿ ಸೊಸೆಯ ಭುಜ ಹಿಡಿದು ಬಂದರು. ಕಡಲು ತೋರಿಸಬೇಕೆಂದೇ ಅವರನ್ನು ಕರೆತಂದಿದ್ದರು. ಆದರೆ ಮಂಡಿ ಊದಿ ಬೀದಿಗಿಳಿಯಲಾರದೆ ಎರಡು ದಿನದಿಂದ ಮಂಚದ ಮೇಲೇ ಇದ್ದರು. ಅವರ ಹಿಂದೆ, ಬಿಸಿಲಿಗೆ ಹೆದರಿ ಕೋಣೆಯಲ್ಲೇ ಕೂತಿದ್ದ ಹೊಸ ದಂಪತಿ. ಅವರ ಹಿಂದೆ ಕೆಳಗಿನ ಮಹಡಿಯ ಒಂದು ಇಡೀ ಸಂಸಾರ. ಹನ್ನೊಂದು ಗಂಟೆಗೆ ಸಾಲು ಸ್ನಾನದ ಮನೆಯಿಂದ ಹೊರಟು, ಮಂಚವನ್ನು ಬಳಸಿ, ಬಾಗಿಲು ದಾಟಿ ಮೆಟ್ಟಿಲಿನವರೆಗೆ ಬೆಳೆದಿತ್ತು.

ಮೇಷ್ಟ್ರಿಗೆ ಇನ್ನೂ ಸ್ನಾನವಾಗಿರಲಿಲ್ಲ. ಅವರ ಟವೆಲಿನಲ್ಲಿ ಯಾರೋ ಕಾಲು ಒರೆಸಿಕೊಂಡಿದ್ದರು. ಹೆಂಡತಿ ಕಟ್ಟಿಕೊಟ್ಟಿದ್ದ ಬಿಸ್ಕತ್ತಿನ ಪೊಟ್ಟಣ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿ ಬರಿಯ ಕಾಗದವಾಗಿ ಹಿಂದಿರುಗಿತು. ಇನ್ನೊಂದು ಸಲ ನೋಡೋಣವೆಂದು ಅವರು ಬಕೆಟ್ಟಿನ ಕಡೆ ಹೋದರೆ, ಗಡಿಯಾರ ಹಿಡಿದು ಒಬ್ಬೊಬ್ಬರಿಗೆ ಒಂದು ನಿಮಿಷ ಲೆಕ್ಕ ಹಾಕುತ್ತಿದ್ದ ಏಜೆಂಟ್ ಅವರ ತೋಳು ಹಿಡಿದು ನಿಲ್ಲಿಸಿದ.

"ಸರದಿಯಲ್ಲಿ ಬನ್ನಿ ಮೇಷ್ಟ್ರೆ. ಓದಿದವರೇ ಹೀಗೆ ಮಾಡಿದ್ರೆ ಹೇಗೆ?"

ಅವರ ಕೋಣೆ, ಅವರ ಬಕೆಟ್ಟು, ಅವರ ಕಡಲು. ಸರದಿ ಮಾತ್ರ ಊರಿನವರದು. ಮೇಷ್ಟ್ರು ಎಲ್ಲರನ್ನೂ ಹೊರಗಟ್ಟುವುದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಬಕೆಟ್ಟಿನ ಮೇಲಿಂದ ಅಜ್ಜಿಯ ದನಿ ಬಂತು.

"ಕಡಲಿನ ನಡುವೆ ಉದ್ದಕ್ಕೂ ಒಂದು ಗೆರೆ ಇದೆಯಲ್ಲಪ್ಪ, ಅದೇನು?"

ಪ್ರಶ್ನೆ ಎಂದರೆ ಮೇಷ್ಟ್ರಿಗೆ ದೌರ್ಬಲ್ಯ. ತೆರೆದ ಬಾಯಿಯಿಂದ ಬೈಗುಳದ ಬದಲು ಪಾಠ ಹೊರಬಿತ್ತು. ಬಿಸಿನೀರಿನ ಪ್ರವಾಹವೂ ತಣ್ಣೀರಿನ ಪ್ರವಾಹವೂ ಸೇರುವ ಕಡೆ ಹಾಗೆ ಗೆರೆ ಬೀಳುತ್ತದೆ, ಇದು ಬಹಳ ಅಪರೂಪ ಎಂದರು. ಸಾಲು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿತು. ನೀರಿನ ಮೇಲೆ ಕಾಗೆ ಕೂತಿದೆಯಲ್ಲ ಎಂದರು ಅಜ್ಜಿ. ಅದು ಕಾಗೆಯಲ್ಲ, ಕಡಲಹಕ್ಕಿ, ಎದುರು ಬಿಸಿಲಿಗೆ ಕಪ್ಪಾಗಿ ಕಾಣುತ್ತದೆ ಎಂದರು ಮೇಷ್ಟ್ರು. ಹೊಸದಾಗಿ ಮದುವೆಯಾದವನು ಇದನ್ನೆಲ್ಲ ಬರೆದುಕೊಂಡ.

ಅಜ್ಜಿಯನ್ನು ಇಬ್ಬರು ಹಿಡಿದು ಇಳಿಸುವಷ್ಟರಲ್ಲಿ ಕೋಣೆ ಗುಡಿಸುವ ಹೆಂಗಸು ಪೊರಕೆ ಹಿಡಿದು ಬಂದಳು. ಎಲ್ಲರೂ ಏನು ನೋಡುತ್ತಿದ್ದಾರೆಂದು ತಾನೂ ಒಮ್ಮೆ ಇಣುಕಿ, ಮುಖ ಗಂಟು ಹಾಕಿಕೊಂಡು ಇಳಿದಳು.

"ಸಾರ್, ಎರಡು ತಿಂಗಳ ಹಿಂದೆ ಇದು ಇಲ್ಲಿರಲಿಲ್ಲ."

"ಇರಲ್ಲಮ್ಮ. ಅದಕ್ಕೇ ಉಬ್ಬರ, ಇಳಿತ ಅನ್ನೋದು. ಕಡಲು ಮುಂದಕ್ಕೆ ಬರುತ್ತೆ, ಹಿಂದಕ್ಕೆ ಹೋಗುತ್ತೆ," ಎಂದು ಮೇಷ್ಟ್ರು ಚಂದ್ರನಿಂದ ಶುರುಮಾಡಿ ವಿವರಿಸಿದರು. ಅವಳಿಗೆ ಇನ್ನೂ ಏನೋ ಹೇಳುವುದಿತ್ತು. ಸಾಲಿನವರು ಮೇಷ್ಟ್ರ ಮಾತಿಗೆ ಅಡ್ಡ ಬರಬೇಡ ಎಂದು ಅವಳನ್ನು ಗದರಿದರು. ಅವಳು ಪೊರಕೆಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಕೊನೆಗೆ ಅಜ್ಜಿ ತಮ್ಮ ಕೋಣೆಗೆ ಹೊರಟು ನಿಂತರು. ಅವರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ಸಾಯೋದ್ರೊಳಗೆ ಕಡಲು ತೋರಿಸ್ದೆ. ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ."

ಮೇಷ್ಟ್ರ ಕೋಪವೆಲ್ಲ ಕರಗಿ ನೀರಾಯಿತು. ಇಷ್ಟು ಜನಕ್ಕೆ ಕಡಲು ಕೊಟ್ಟ ಹೋಟೆಲಿನ ಮೇಲೆ ಹನ್ನೊಂದು ಅಂಶಗಳ ದೂರೇ? ಅವರು ಸೀದಾ ಮನುಷ್ಯ. ತಪ್ಪು ತಮ್ಮದಾದರೆ ಅದನ್ನೂ ಬರೆದುಕೊಡುವವರು. ಕೆಳಗೆ ಹೋಗಿ ಪುಸ್ತಕ ತರಿಸಿ, ದೂರಿನ ಮೇಲೆ ಅಡ್ಡಗೆರೆ ಎಳೆದು, ಮುಂದಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದರು: "ಈ ಹೋಟೆಲಿನ ಮೂರನೇ ಮಹಡಿಯ ಕೋಣೆಯಿಂದ ಕಡಲು ಸ್ಪಷ್ಟವಾಗಿ ಕಾಣುತ್ತದೆ. ಅಲೆ, ಉಬ್ಬರ, ಪ್ರವಾಹ ಮೂರನ್ನೂ ನಾನು ಖುದ್ದಾಗಿ ಪರಿಶೀಲಿಸಿದ್ದೇನೆ." ಕೆಳಗೆ ರುಜು. ರುಜುವಿನ ಕೆಳಗೆ, ಭೂಗೋಳ ಶಿಕ್ಷಕರು, ಇಪ್ಪತ್ತಾರು ವರ್ಷಗಳ ಅನುಭವ. ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿ ಕಣ್ಣಿಗೊತ್ತಿಕೊಂಡ.

ಮೂರೂಮುಕ್ಕಾಲಿಗೆ ಸಾಲು ಕರಗಿ ಎಲ್ಲರೂ ಹೋಗಿದ್ದರು. ಮೇಷ್ಟ್ರು ಚೀಲ ಕಟ್ಟಿ, ಬಾಗಿಲಿಗೆ ಚಿಲಕ ಹಾಕಿ, ಒಬ್ಬರೇ ನಿಂತು ಕಡಲಿಗೆ ವಿದಾಯ ಹೇಳುವುದಕ್ಕಾಗಿ ಬಕೆಟ್ಟು ಹತ್ತಿದರು. ಸಂದಿಗೆ ಕಣ್ಣಿಟ್ಟರು.

ಕಡಲಿನ ಮೇಲೆ ಇಬ್ಬರು ನಡೆದು ಬರುತ್ತಿದ್ದರು.

ಇಬ್ಬರೂ ತಲೆಗೆ ಬಟ್ಟೆ ಸುತ್ತಿದ್ದರು. ಒಬ್ಬ ಬಗ್ಗಿ ಕಡಲಿನ ಈ ಮೂಲೆ ಹಿಡಿದ, ಇನ್ನೊಬ್ಬ ಆ ಮೂಲೆ. ಕಡಲಹಕ್ಕಿ ಕಾ ಎಂದು ಹಾರಿಹೋಯಿತು. ಅವರು ಕಡಲನ್ನು ಗೆರೆಯ ಗುಂಟ ಎರಡು ಮಡಿಕೆ ಮಾಡಿದರು, ಆಮೇಲೆ ನಾಲ್ಕು, ಆಮೇಲೆ ಎಂಟು. ಹಗ್ಗ ಬಿಗಿದು ಕೆಳಗಿಳಿಸಿದರು. ಅಡಿಯಿಂದ ಯಾವುದೋ ಗೋದಾಮಿನ ಮಾಡು ಎದ್ದುಬಂತು, ಮೈತುಂಬ ಹೊಸ ಹೆಂಚು. ಹಳೆಯ ಹೆಂಚು ಬದಲಾಯಿಸುವವರೆಗೆ ಅದಕ್ಕೆ ನೀಲಿ ಟಾರ್ಪಾಲು ಹೊದಿಸಿದ್ದರು, ಇವತ್ತಿಗೆ ಕೆಲಸ ಮುಗಿದಿತ್ತು.

ಮೇಷ್ಟ್ರು ಮೆಟ್ಟಿಲು ಇಳಿದರೋ ಉರುಳಿದರೋ ಅವರಿಗೇ ಗೊತ್ತಿಲ್ಲ. ಕೌಂಟರಿನ ಹಿಂದೆ ಗೋಡೆಯ ಮೇಲೆ, ಹಿಂದಿನ ವರ್ಷದ ಕ್ಯಾಲೆಂಡರ್ ಇದ್ದ ಕಟ್ಟಿನೊಳಗೆ, ಗಾಜು ಹಾಕಿಸಿಕೊಂಡು ಅವರ ದಪ್ಪಕ್ಷರ ಹೊಳೆಯುತ್ತಿತ್ತು. ಆಗಷ್ಟೇ ಬಂದ ಒಂದು ಕುಟುಂಬ ಅದನ್ನು ಗಟ್ಟಿಯಾಗಿ ಓದಿ, ಹಾಗಾದರೆ ಮೂರನೇ ಮಹಡಿಯದೇ ಕೊಡಿ ಎನ್ನುತ್ತಿತ್ತು.

"ಅದು ಟಾರ್ಪಾಲು ಕಣ್ರೀ," ಎಂದರು ಮೇಷ್ಟ್ರು ಹಲ್ಲು ಕಚ್ಚಿ, ಮ್ಯಾನೇಜರ್ ಒಬ್ಬನಿಗೇ ಕೇಳುವಂತೆ. "ಆ ಹಾಳೆ ವಾಪಸ್ ಕೊಡಿ."

"ನಾನು ಭೂಗೋಳದಲ್ಲಿ ಎರಡು ಸಲ ಫೇಲ್ ಆದವನು ಸಾರ್," ಎಂದ ಮ್ಯಾನೇಜರ್ ಅಷ್ಟೇ ಮೆಲ್ಲಗೆ. "ನೀವು ಕಡಲು ಅಂದ್ರಿ, ನಂಬಿದೆ. ನಾನೇನು ನಿಮಗಿಂತ ಹೆಚ್ಚು ಓದಿದ್ದೀನಾ?"

ಮೇಷ್ಟ್ರು ಎಲ್ಲರೆದುರೇ ಕೂಗಿ ಹೇಳಿಬಿಡುತ್ತಿದ್ದರು. ಆದರೆ ಊರಿಗೆ ಹೊರಡಲೆಂದು ಇಬ್ಬರು ಹೊತ್ತು ಇಳಿಸಿದ್ದ ಅಜ್ಜಿ ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು, ಕಡಲಿನ ನಡುವೆ ಹೇಗೆ ಗೆರೆ ಬಿದ್ದಿರುತ್ತದೆ, ಕಡಲಹಕ್ಕಿ ದೂರಕ್ಕೆ ಹೇಗೆ ಥೇಟ್ ಕಾಗೆಯಂತೆ ಕಾಣುತ್ತದೆ ಎಂದು. ಮುಖದಲ್ಲಿ ಮಂಡಿನೋವಿನ ಸುಳಿವೇ ಇರಲಿಲ್ಲ. ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಗಂಟೆ ನಾಲ್ಕು ದಾಟಿತ್ತು. ಬಲಕ್ಕೆ ಐದು ನಿಮಿಷ ಕಡಲು, ಎಡಕ್ಕೆ ಇಪ್ಪತ್ತು ನಿಮಿಷ ಬಸ್ ನಿಲ್ದಾಣ. ಅವರು ಎಡಕ್ಕೆ ಓಡಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೂ ಮೈ ಉರಿ ಇಳಿಯಲಿಲ್ಲ. ಹೀಗೂ ಮೋಸ ಉಂಟೇ? ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕಾಗದ ಹರಡಿ, ಪ್ರವಾಸೋದ್ಯಮ ಇಲಾಖೆಗೆ ಇಪ್ಪತ್ತು ಅಂಶಗಳ ದೂರು ಬರೆಯತೊಡಗಿದರು. ಆರನೆಯ ಅಂಶದ ಹೊತ್ತಿಗೆ ಕಿಟಕಿಯಿಂದ ಕಣ್ಣು ಕುಕ್ಕುವ ಬೆಳಕು ಬಂತು. ಸರ್ರನೆ ಪರದೆ ಎಳೆದರು. ಪಕ್ಕದ ಸೀಟಿನ ಹೆಂಗಸು ಪರದೆ ಸ್ವಲ್ಪ ಸರಿಸುತ್ತೀರಾ ಎಂದು ಒಮ್ಮೆ ಕೇಳಿದರು, ಎರಡು ಸಲ ಕೇಳಿದರು. ಬರೆಯುತ್ತಿರುವುದು ಕಾಣಿಸುವುದಿಲ್ಲವೇ ಎಂದು ಮೇಷ್ಟ್ರು ತಲೆಯೆತ್ತದೆ ರೇಗಿದರು. ಆಕೆ ಮತ್ತೆ ಕೇಳಲಿಲ್ಲ.

ಇಪ್ಪತ್ತನೆಯ ಅಂಶಕ್ಕೆ ಪೂರ್ಣವಿರಾಮ ಇಟ್ಟು ಮೇಷ್ಟ್ರು ಪರದೆ ಸರಿಸಿದರು. ಹೊರಗೆ ಒಣ ಗುಡ್ಡಗಳು.

"ಈಗ ಸರಿಸಿ ಏನು ಬಂತು?" ಎಂದರು ಪಕ್ಕದವರು. "ಮುಕ್ಕಾಲು ಗಂಟೆ ರಸ್ತೆಗೆ ಅಂಟಿಕೊಂಡೇ ಬಂತು ಕಡಲು. ಅದನ್ನ ನೋಡೋಕೆ ಅಂತಲೇ ಹೇಳಿ ಈ ಕಡೆ ಸೀಟು ಮಾಡಿಸಿದ್ದೆ. ನಿಮಗೇನು, ಕಡಲು ನೋಡಿ ನೋಡಿ ಬೇಜಾರಾಗಿರಬೇಕು. ಬರೆದಾಯ್ತಲ್ಲ, ಆ ಪೆನ್ನು ಸ್ವಲ್ಪ ಕೊಡಿ."

ಆಕೆ ಕಂಡಕ್ಟರನ್ನು ಕರೆದು ಬಸ್ಸಿನ ದೂರು ಪುಸ್ತಕ ಕೇಳಿದರು. ಕಡಲು ಕಾಣುವ ಸೀಟು ಎಂದ ಮೇಲೆ ಕಡಲು ಕಾಣಬೇಕು. ಇದರಲ್ಲಿ ವಾದ ಮಾಡುವುದಕ್ಕೆ ಏನೂ ಇರಲಿಲ್ಲ. ಮೇಷ್ಟ್ರು ಪೆನ್ನು ಕೊಟ್ಟರು.