ನೀರು ಬೇಡದ ಗಿಡ

ಏನನ್ನೂ ಮಾಡದೆ ಸುಮ್ಮನಿರುವ ಕಲೆಯಾದರೂ ನನಗೆ ಒಲಿದಿದೆ ಎಂದು ನಂಬಿದ್ದೆ. ಇಪ್ಪತ್ತಾರು ವರ್ಷ ಕಚೇರಿಯಲ್ಲಿ ಅದನ್ನೇ ಮಾಡಿದವನು. ಆ ನಂಬಿಕೆಯನ್ನೂ ಒಂದು ಗಿಡ ಮಣ್ಣುಪಾಲು ಮಾಡಿತು.

ಗದಗು ಜಿಲ್ಲೆಯಾದ ಮೇಲೆ ಕಚೇರಿಗಳ ಜೊತೆಗೆ ನರ್ಸರಿಗಳೂ ಹೆಚ್ಚಾದವು. ಮುಳಗುಂದ ರಸ್ತೆಯ ನರ್ಸರಿಯ ಇಮಾಮಸಾಬರು ನನಗೆ ಒಂದು ಹೈಬ್ರಿಡ್ ಸಸಿ ತೋರಿಸಿದರು. ಗೊಂಚಲು ಗೊಂಚಲು ಗುಲಾಬಿ ಬಣ್ಣದ ಹೂವಂತೆ, ಬರಕ್ಕೂ ಬಗ್ಗುವುದಿಲ್ಲವಂತೆ. "ಹದಿನೈದ ದಿನಕ್ಕೊಮ್ಮಿ ಒಂದ ಕೊಡ ಸಾಕ್ರಿ ಸರ. ಆಮ್ಯಾಲ ಮರತಬಿಡ್ರಿ" ಎಂದರು. ನಮ್ಮ ಬೆಟಗೇರಿಯ ಓಣಿಗೆ ನಲ್ಲಿ ನೀರು ಬರುವುದೂ ಹೆಚ್ಚುಕಡಿಮೆ ಹಾಗೆಯೇ. ಗಿಡ ನಮ್ಮ ಪೈಕಿಯದೇ ಎನಿಸಿತು. ಹಿತ್ತಲಲ್ಲಿದ್ದ ಒಂದೇ ತುಂಡು ಜಾಗದಲ್ಲಿ ಹೆಂಡತಿ ಶಾರದಾಳ ಹತ್ತು ವರ್ಷದ ಕರಿಬೇವಿತ್ತು. ಹೂವು ಬಿಟ್ಟ ದಿನ ನೀನೇ ನನ್ನನ್ನು ಹೊಗಳುತ್ತೀ ಎಂದು ವಾದಿಸಿ, ಅದನ್ನು ಕಡಿಸಿ ಇದನ್ನು ನೆಟ್ಟೆ. ಹೂವು ಬಿಡದಿದ್ದರೆ ಆ ಮನೆಯಲ್ಲಿ ನನಗೆ ಉಳಿಗಾಲವಿರಲಿಲ್ಲ.

ನಮ್ಮಲ್ಲಿ ಹೊಸ ನೀರು ಬಂದ ದಿನ ಹಂಡೆ, ಕೊಡ, ಬ್ಯಾರಲ್ಲಿನಲ್ಲಿ ಉಳಿದ ಹಳೆ ನೀರನ್ನು ಖಾಲಿ ಮಾಡುವುದು ಪದ್ಧತಿ. ಅಷ್ಟು ದಿನ ಜೀವ ಹಿಡಿದು ಉಳಿಸಿದ್ದನ್ನು ಗಟಾರಕ್ಕೆ ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಶಾರದಾ ಗಿಡದ ಬುಡಕ್ಕೆ ಸುರಿದಳು. ಪಕ್ಕದ ಮನೆಯ ಗಂಗಕ್ಕನಿಗೆ ಹಿತ್ತಲಿಲ್ಲ. ಪಾಪ, ಕೂಸಿನಂಥ ಗಿಡ ಎಂದು ಆಕೆಯೂ ಗೋಡೆಯ ಮೇಲಿಂದ ಸುರಿದಳು. ಎಲೆ ಹಳದಿಯಾಯಿತು. ಬಾಯಾರಿದೆ ಎಂದುಕೊಂಡು ಇಬ್ಬರೂ ಅಕ್ಕಿ ತೊಳೆದ ನೀರನ್ನೂ ಹಾಕತೊಡಗಿದರು. ಮೂರನೆಯ ತಿಂಗಳಿಗೆ ಕೋಲಷ್ಟೇ ಉಳಿಯಿತು. ನನಗೆ ಊಟ ಸೇರದಾಯಿತು.

ಕೊನೆಗೆ ಒಂದು ಬೆಳಿಗ್ಗೆ ಇಮಾಮಸಾಬರೇ ಬಂದರು. ಎರೆಮಣ್ಣು ಕೆದಕಿ, ಬೇರು ಮೂಸಿ ನೋಡಿ, "ನೀರ ಹೆಚ್ಚಾಗಿ ಸತ್ತೈತ್ರಿ ಸರ" ಎಂದರು.

ಬೆಟಗೇರಿಯಲ್ಲಿ! ಈ ಮಾತನ್ನು ಓಣಿಯಲ್ಲಿ ಹೇಳಿದರೆ ಕೊಡದಿಂದಲೇ ಹೊಡೆದಾರು. ದುಃಖ, ಸಿಟ್ಟು ಎರಡೂ ಒಟ್ಟಿಗೆ ಬಂದು, ಎಲ್ಲಾ ನಿನ್ನಿಂದಲೇ ಎಂದು ಶಾರದಾಳ ಮೇಲೆ ಹರಿಹಾಯ್ದೆ.

ಅವಳು ದನಿ ಏರಿಸಲಿಲ್ಲ. "ನಾವು ಹಾಕಿದ್ದು ನೀರ ಬಂದ ದಿನಾ. ಅಕ್ಕಿ ತೊಳದ ನೀರು ಒಂದೊಂದ ಗಿಂಡಿ. ದಿನಾ ಮುಂಜಾನಿ ಯಾರೂ ಇಲ್ಲದ್ದ ನೋಡಿ ಎರಡೆರಡ ಚರಿಗಿ ಸುರೀತಿದ್ದವ್ರು ಯಾರ್ರಿ?"

ಅದು ಬಾಡುವುದನ್ನು ನೋಡಲಾಗುತ್ತಿರಲಿಲ್ಲ ಎಂದು ತೊದಲಿದೆ. ಇಮಾಮಸಾಬರೂ ಶಾರದಾಳೂ ನನ್ನ ಕೈಯನ್ನೇ ನೋಡುತ್ತಿದ್ದರು. ಆಗಲೂ ಅದರಲ್ಲಿ ತುಂಬಿದ ಚರಿಗೆಯಿತ್ತು.