ಜನ್ನಾಪುರದ ಲೇಸರ್ ಮೀಟರು

ಸ್ಕ್ರೂಡ್ರೈವರ್ ಹಿಡಿದವನ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇರುತ್ತದೆ. ಅರವತ್ತರ ದಶಕದ ಕೊನೆಯಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕುಲುಮೆಯ ಶಾಖ ಅಳೆಯುವ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದೆ. ಆ ವಿದ್ಯೆಯನ್ನು ಮನೆಗೆ ತಂದದ್ದೇ ತಪ್ಪಾಯಿತು.

೧. ಫೇಲಾದವನ ಯೋಗ್ಯತೆ

ಒಂದು ಭಾನುವಾರ ನನ್ನ ಹಳೆಯ ಭೌತಶಾಸ್ತ್ರದ ಮೇಷ್ಟ್ರು ಶಿವಮೊಗ್ಗದಿಂದ ಜನ್ನಾಪುರದ ನನ್ನ ಮನೆ ಹುಡುಕಿಕೊಂಡು ಬಂದರು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಹೊರಗಿನ ಪ್ರೊಫೆಸರೊಬ್ಬರು ಲೇಸರ್ ಎಂಬ ಹೊಸ ಬೆಳಕಿನ ಯಂತ್ರ ತರುವವರಿದ್ದರು. ಆ ಬೆಳಕಿನ ಶಕ್ತಿಯನ್ನು ಜನರಿಗೆ ತೋರಿಸಲು ಒಂದು ಮೀಟರು ಬೇಕಿತ್ತು.

"ನೀನೇ ಮಾಡ್ಬೇಕು" ಎಂದರು.

"ಪ್ರಾಕ್ಟಿಕಲ್‌ನಲ್ಲಿ ನನ್ನನ್ನ ಫೇಲ್ ಮಾಡಿದೋರು ತಾವೇ ಅಲ್ವಾ ಸಾರ್?"

"ಏನ್ಮಾಡ್ಲಿ ಮಾರಾಯ, ಪಾಸಾದೋರೆಲ್ಲ ಬ್ಯಾಂಕ್ ಸೇರಿಬಿಟ್ರು!"

೨. ಬಿಸಿ ಯಾರದು?

ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಬೆಸೆದು, ಆ ಬೆಸುಗೆಯನ್ನು ಬಿಸಿ ಮಾಡಿದರೆ ಚೂರು ಕರೆಂಟು ಹುಟ್ಟುತ್ತದೆ. ಅಂಥ ಹತ್ತಾರು ಬೆಸುಗೆಗಳನ್ನು ಒಂದು ತಾಮ್ರದ ಬಿಲ್ಲೆಯ ಹಿಂದೆ ಕೂರಿಸಿ, ಸೂಜಿಯ ಮೀಟರಿಗೆ ಜೋಡಿಸಿದೆ. ಬೆಳಕು ಬಿದ್ದು ಬಿಲ್ಲೆ ಬಿಸಿಯಾದರೆ ಸೂಜಿ ಅಲ್ಲಾಡಬೇಕು. ಅಂಗೈ ಹತ್ತಿರ ತಂದರೂ ಅಲ್ಲಾಡುತ್ತಿತ್ತು.

ಪಕ್ಕದ ಮನೆಯ ಫಿಟ್ಟರು ಅಂಗೈ ಒಡ್ಡಿದಾಗ ಸೂಜಿ ಒಂದಿಷ್ಟು ಸರಿಯಿತು. ಅವರ ಹೆಂಡತಿ ಅಂಗೈ ಒಡ್ಡಿದಾಗ ಕೊನೆಯವರೆಗೂ ಓಡಿತು. ಫಿಟ್ಟರಿಗೆ ಹಿಗ್ಗೋ ಹಿಗ್ಗು. "ನೋಡಿ ಸ್ವಾಮಿ, ನಮ್ಮನೇಲಿ ಯಾರು ಬಿಸಿ ಅಂತ ಮೆಷಿನ್ನಿಗೂ ಗೊತ್ತಾಯ್ತು!"

ಆಕೆ ಶಾಂತವಾಗಿ ಹೇಳಿದರು: "ಈಗ ತಾನೇ ರೊಟ್ಟಿ ಸುಟ್ಟು ಬಂದ ಕೈ. ನಾಳೆಯಿಂದ ನೀವು ಸುಡಿ, ನಿಮಗೂ ಓಡುತ್ತೆ."

೩. ದೊಡ್ಡವರ ಮುಂದೆ

ಪ್ರದರ್ಶನದ ದಿನ ಸಭಾಂಗಣ ಕಿಕ್ಕಿರಿದಿತ್ತು. ಒಮ್ಮೆ ಫೇಲಾದ ಕಾಲೇಜಿನಲ್ಲೇ ನಾನು ಇನ್ನೊಮ್ಮೆ ಫೇಲಾಗುವುದನ್ನು ನೋಡಲು ಕಾರ್ಖಾನೆಯವರೂ ಬಸ್ಸು ಹತ್ತಿ ಬಂದಿದ್ದರು. ಈ ಸಲವಾದರೂ ಮೇಷ್ಟ್ರ ಎದುರು ತಲೆ ಎತ್ತಿ ನಿಲ್ಲಬೇಕೆಂಬ ಆಸೆ ನನಗೆ ಬಲವಾಗಿತ್ತು.

ಪೆಟ್ಟಿಗೆ ತೆರೆದೆ. ಬೆಳಕನ್ನು ಹೀರಲೆಂದು ಬಿಲ್ಲೆಯ ಮೇಲೆ ನಾನು ಹಿಡಿಸಿದ್ದ ದೀಪದ ಮಸಿ ಮಾಯವಾಗಿತ್ತು. ತಾಮ್ರ ಫಳಫಳ ಹೊಳೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದೆ.

"ಹುಣಸೆಹಣ್ಣು ಹಾಕಿ ತಿಕ್ಕಿದೀನಿ ಕಣ್ರೀ" ಎಂದಳು ಹೆಮ್ಮೆಯಿಂದ. "ಇಷ್ಟು ದೊಡ್ಡೋರ ಮುಂದೆ ಮಸಿ ಹಿಡಿದ ತಾಮ್ರ ಇಡೋದಾ?"

ಪ್ರೊಫೆಸರು ಲೇಸರ್ ಹಚ್ಚಿದರು. ಕೆಂಪು ಬೆಳಕು ಬಿಲ್ಲೆಗೆ ಬಡಿದು, ಹಾಗೇ ಹಾರಿ ಗೋಡೆಗೆ ಹೋಯಿತು. ಸೂಜಿ ಮಿಸುಕಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಪ್ರಾಕ್ಟಿಕಲ್ ದಿನವೂ ಹೀಗೇ ಒರೆಸಿಕೊಂಡಿದ್ದರು.

ಏನಾದರೂ ಕಪ್ಪು ಬೇಕಿತ್ತು, ಆ ಕ್ಷಣವೇ. ನನ್ನ ಹೆಂಡತಿಯ ಪಕ್ಕದಲ್ಲೇ ಒಬ್ಬ ತಾಯಿಯ ತೊಡೆಯ ಮೇಲೆ ದುಂಡನೆಯ ಮಗುವೊಂದು ಕೂತಿತ್ತು. ಅದರ ಕೆನ್ನೆಯಲ್ಲಿ ಎಂಟಾಣೆಯಗಲದ ದೃಷ್ಟಿಬೊಟ್ಟು! ಅದನ್ನು ಬೆರಳಿಂದ ಪೂರ್ತಿ ಬಳಿದುಕೊಂಡು ಬಿಲ್ಲೆಗೆ ಮೆತ್ತಿದೆ. ಬೆರಳಿನ ಬಿಸಿ ಆರುವವರೆಗೆ ಉಸಿರು ಬಿಗಿಹಿಡಿದು ನಿಂತೆ. ಮತ್ತೆ ಲೇಸರ್ ಬಿತ್ತು. ಸೂಜಿ ಮೆಲ್ಲಗೆ ಎದ್ದು ಮೂರು ಗೆರೆ ದಾಟಿತು.

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಬೆನ್ನು ತಟ್ಟಿ, "ಇವತ್ತು ಪಾಸು ಕಣಯ್ಯ" ಎಂದರು. ನನ್ನ ಕಣ್ಣು ಒದ್ದೆಯಾಯಿತು.

ಪ್ರೊಫೆಸರು ಮೀಟರಿನ ಮೇಲೆ ಬಗ್ಗಿದರು. "ಬಹಳ ಚೆನ್ನಾಗಿ ಹೀರುತ್ತಲ್ರೀ! ಯಾವ ಲೇಪನ ಇದು?"

ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಎದ್ದು ನಿಂತರು. "ನನ್ನ ಮಗೂದು ಸಾರ್. ಅಳೆದಾಗಿದ್ರೆ ವಾಪಸ್ ಕೊಡ್ಸಿ, ಊರಿಗೆ ಊರೇ ಈಗ ನನ್ನ ಮಗೂನ ನೋಡ್ತಿದೆ!"