ನಾಲ್ಕು ತಿರುಪಿನ ಪೆಟ್ಟಿಗೆ

ಮೈಕು ಇರುವ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ. ಮಾತಾಡುವವರಿಗೆ ಅದು ಗೊತ್ತಾಗುವುದಿಲ್ಲ, ಕೇಳುವವರು ಮನೆ ಸೇರುವಷ್ಟರಲ್ಲಿ ಮರೆತಿರುತ್ತಾರೆ. ತಿರುಪು ಹಿಡಿದು ಪಕ್ಕದಲ್ಲಿ ಕೂತವರಿಗೆ ಮಾತ್ರ ಅದು ಜನ್ಮವಿಡೀ ನೆನಪಿರುತ್ತದೆ. ಕೊಳ್ಳೇಗಾಲದಲ್ಲಿ ಹಾಗೆ ಕೂತವಳು ನಾನು.

ಅರವತ್ತರ ದಶಕ. ಕೊಳ್ಳೇಗಾಲ ಮದರಾಸಿನ ಕಡೆಯಿಂದ ಮೈಸೂರಿಗೆ ಸೇರಿ ಕೆಲವು ವರ್ಷ ಕಳೆದಿತ್ತು. ಹಳ್ಳಿಗಳ ಸುಧಾರಣೆಗೆ ಅಂತ ಇದ್ದ ಒಂದು ಆಫೀಸಿನಲ್ಲಿ ನಾನು ಮುಖ್ಯಸೇವಿಕೆ. ಹೊಗೆಯಿಲ್ಲದ ಒಲೆ, ಮಕ್ಕಳ ಊಟ, ಬಾಣಂತಿಯ ಆರೈಕೆ, ಇವನ್ನೆಲ್ಲ ಹೆಂಗಸರಿಗೆ ಹೇಳಿಕೊಡುವುದು ನನ್ನ ಕೆಲಸ. ಮೈಕು ನನ್ನ ಪಾಲಿಗೆ ಬಂದದ್ದು ಅಕಸ್ಮಾತ್ತಾಗಿ. ಒಂದು ಸಭೆಯಲ್ಲಿ ಅದು ನಿಂತುಹೋಯಿತು. ನಾನು ಹೋಗಿ ಅದರ ತಂತಿ ಅಲ್ಲಾಡಿಸಿದೆ, ಮಾತು ಬಂತು. ನಮ್ಮ ಆಫೀಸರು ಅದನ್ನು ನೋಡಿಬಿಟ್ಟರು. "ನಿಮಗೆ ಇದೆಲ್ಲ ಬರುತ್ತೆ ಅಂತ ಮೊದಲೇ ಹೇಳಬಾರದಿತ್ತಾ?" ಅಂದರು. ಅಲ್ಲಿಂದ ಮುಂದೆ ಮೈಕು ಕೆಟ್ಟರೂ ನನ್ನನ್ನೇ ಕರೆಯುವರು, ಕರೆಂಟು ಹೋದರೂ ನನ್ನನ್ನೇ.

ಉಬ್ಬಸ

ನಮ್ಮ ಆಫೀಸಿಗೆ ಹೊಸದಾಗಿ ಒಂದು ಸಭಾಂಗಣ ಕಟ್ಟಿಸಿದರು. ವೇದಿಕೆ, ಪರದೆ, ಎರಡು ಸ್ಪೀಕರು, ಎಲ್ಲ ಬಂತು. ಮೈಕು ಮಾತ್ರ ಒಂದೇ.

ಮೊದಲ ಸಭೆಗೆ ಶಾಲೆಯ ಒಬ್ಬ ಹುಡುಗಿಯಿಂದ ಪ್ರಾರ್ಥನೆ ಇಟ್ಟಿದ್ದೆವು. ಪಕ್ಕದಲ್ಲಿ ಸಂಗೀತದ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕೂತಿದ್ದರು. ಇಬ್ಬರಿಗೂ ಕೇಳಲಿ ಅಂತ ಮೈಕನ್ನು ನಡುವೆ ಇಟ್ಟೆ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಎಳೆದುಕೊಂಡದ್ದಾದರೂ ಬೆರಳಾಡಿಸುವ ಸ್ವರದ ಮನೆಗಳ ಮುಂದಕ್ಕಲ್ಲ, ಹಿಂದೆ ಗಾಳಿ ಒತ್ತುವ ತಿದಿಯ ಪಕ್ಕಕ್ಕೆ. ಹುಡುಗಿಯ ತುಟಿ ಆಡುತ್ತಿತ್ತು, ಸ್ಪೀಕರಿನಿಂದ 'ಹುಸ್, ಹುಸ್' ಅಂತ ಬರುತ್ತಿತ್ತು. ಸಭೆ ಭಕ್ತಿಯಿಂದ ಕೇಳಿತು.

ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದು ಕೂರಿಸಿಕೊಂಡಳು.

"ಆ ಮಗೀಗೆ ಉಬ್ಬಸ ಅದೆ ಕಣವ್ವ. ಇಂತಾ ಮಗೀನ ಕೈಲಿ ಯಾಕೆ ಪದ ಏಳಿಸ್ತೀರಿ? ಆಡುಸೋಗೆ ಸೊಪ್ಪಿನ ರಸ ಕುಡ್ಸಿ, ಆಮೇಲೆ ಆಡಿಸೀರಂತೆ."

ಕಡತ

ಆ ದಿನವೇ ಆಫೀಸರು ಊರಿನ ರೇಡಿಯೋ ರಿಪೇರಿಯವನನ್ನು ಕರೆಸಿದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಮ್ಮ ಸ್ಪೀಕರುಗಳನ್ನು ಕಟ್ಟಿದವನೂ ಅವನೇ.

"ನಾಕು ಮೈಕ ತಂದು ಒಂದೇ ಮಿಷಿನ್ನಿಗೆ ಸೇರಿಸಬೇಕು ಅಂದ್ರೆ ನಡುವೆ ಒಂದು ಪೆಟ್ಟಿಗೆ ಬೇಕು ಸಾ. ಒಂದೊಂದು ಮೈಕಿಗೂ ಒಂದೊಂದು ತಿರುಪು. ಯಾವ್ದು ಎಷ್ಟು ಬೇಕೋ ಅಷ್ಟು ತಿರುಗಿಸ್ಕಬೋದು. ಅದ್ಕೆ ಮಿಕ್ಸರ್ ಅಂತಾರೆ."

ಸಭಾಂಗಣಕ್ಕೆ ಚಿಕ್ಕದೊಂದು ಮಿಕ್ಸರ್ ಬೇಕು ಅಂತ ಬರೆದು ಮೇಲಿನ ಆಫೀಸಿಗೆ ಕಳಿಸಿದೆ. ತಿಂಗಳಾದ ಮೇಲೆ ಉತ್ತರ ಬಂತು. 'ಕಟ್ಟಡ ಪೂರ್ತಿಯಾಗಿದೆ ಎಂದು ಹಿಂದೆಯೇ ವರದಿ ಮಾಡಿದ್ದೀರಿ. ಈಗ ಮಿಕ್ಸರ್ ಏಕೆ? ಗಂಟೆಗೆ ಎಷ್ಟು ಗಾರೆ ಕಲಸಬೇಕು ಎಂಬುದನ್ನು ತಿಳಿಸುವುದು.'

ಇದು ಗಾರೆ ಕಲಸುವುದಲ್ಲ, ಹಲವರ ಧ್ವನಿಯನ್ನು ಒಟ್ಟಿಗೆ ಬೆರೆಸುವುದು ಅಂತ ವಿವರವಾಗಿ ಎರಡು ಪುಟ ಬರೆದೆ. ಇನ್ನೊಂದು ತಿಂಗಳು ಹೋಯಿತು. ಈ ಸಲ ಒಂದೇ ಸಾಲು ಬಂತು.

'ಹಲವರು ಒಟ್ಟಿಗೆ ಏಕೆ ಮಾತನಾಡಬೇಕು? ಒಬ್ಬರಾದ ಮೇಲೆ ಒಬ್ಬರು ಮಾತನಾಡಬಹುದಲ್ಲ?'

ಆಫೀಸರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಈ ಮಾತನ್ನು ನಮ್ಮ ಮನೆಗೆ ಬಂದು ಹೇಳಬೇಕು ಇವರು," ಅಂದರು.

ಬಿಸಿಲಿಗೆ ಹಿಡಿದದ್ದು

ಹೇಗೋ ಒಪ್ಪಿಗೆ ಬಂತು. ಆಯ್ಕೆ ಮಾಡಲು ಮೂವರ ಸಮಿತಿ: ಆಫೀಸರು, ನಾನು, ಮತ್ತು ಸಭಾಂಗಣ ನೋಡಿಕೊಳ್ಳುವ ಮಂಡಳಿಯ ಅಧ್ಯಕ್ಷರು. ಅಧ್ಯಕ್ಷರು ರೇಷ್ಮೆ ವ್ಯಾಪಾರಿ. ಕಣ್ಣು ಮುಚ್ಚಿಕೊಂಡು ಸೀರೆ ಮುಟ್ಟಿ ಯಾವ ಮಗ್ಗದ್ದು ಅಂತ ಹೇಳುವವರು.

ಮೈಸೂರಿನಿಂದ ಅಂಗಡಿಯವನು ನಾಲ್ಕು ಮೈಕು, ಎರಡು ಪೆಟ್ಟಿಗೆ ತಂದ. ಒಂದು ಎರಡು ತಿರುಪಿನದು, ಕಬ್ಬಿಣದ್ದು, ಎತ್ತಿದರೆ ತೋಳು ನೋಯಬೇಕು. ಇನ್ನೊಂದು ನಾಲ್ಕು ತಿರುಪಿನದು, ಹಗುರ, ನಮ್ಮ ಮನೆಯ ಮಸಾಲೆ ಡಬ್ಬಿಯಷ್ಟು.

ಅಧ್ಯಕ್ಷರು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿದರು. "ಇದ್ರಲ್ಲಿ ತೂಕ ಅದೆ," ಅಂತ ಕಬ್ಬಿಣದ್ದನ್ನು ಮೇಜಿನ ಮೇಲಿಟ್ಟರು. ಚಿಕ್ಕದನ್ನು ಜಗುಲಿಗೆ ತೆಗೆದುಕೊಂಡು ಹೋಗಿ ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ ನೋಡಿದರು. ಹೆಬ್ಬೆರಳಿನಿಂದ ಮೂಲೆ ಉಜ್ಜಿದರು. ಅಂಗಡಿಯವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಬಣ್ಣ ಬಿಡ್ತದಾ?"

ಅಂಗಡಿಯವನೂ ಮೈಸೂರಿನ ವ್ಯಾಪಾರಿ, ಒಂದು ಕ್ಷಣವೂ ತಡವರಿಸಲಿಲ್ಲ. "ಒಗೆದರೂ ಬಿಡಲ್ಲ ಸ್ವಾಮಿ."

ಹನೂರಿನ ಪರೀಕ್ಷೆ

ಎರಡನ್ನೂ ಹದಿನೈದು ದಿನ ಇಟ್ಟುಕೊಂಡು ನೋಡಿ ಅಂತ ಅಂಗಡಿಯವನು ಬಿಟ್ಟುಹೋದ. ಅಧ್ಯಕ್ಷರಿಗೆ ತೂಕದ್ದೇ ಬೇಕು, ನನಗೆ ನಾಲ್ಕು ತಿರುಪಿನದೇ ಬೇಕು. ಆಫೀಸರು ನನ್ನನ್ನು ಒಳಗೆ ಕರೆದು, "ನೋಡಿಯಮ್ಮ, ವರದಿ ಬರೆಯೋದು ನೀವು. ನಾಳೆ ಅದು ಕೆಟ್ಟರೆ ಮಾತು ಬರೋದೂ ನಿಮಗೇ," ಅಂದರು. ಆಗಿನ್ನೂ ನನ್ನ ಕೆಲಸ ಕಾಯಂ ಆಗಿರಲಿಲ್ಲ. ಆ ಮಾತು ಮನಸ್ಸಿಗೆ ನಾಟಿತು. ಎರಡನ್ನೂ ಊರಿಂದ ಊರಿಗೆ ಹೊತ್ತು ಸರಿಯಾಗಿ ಪರೀಕ್ಷೆ ಮಾಡೇಬಿಡೋಣ ಅಂತ ಹೊರಟೆ.

ಮೊದಲು ಹನೂರು, ನಾಲ್ಕು ತಿರುಪಿನದರ ಜೊತೆ. ಅಲ್ಲಿ ಹೆಂಗಸರ ಸಭೆ. ಬಂದವರಲ್ಲಿ ಅರ್ಧ ಜನಕ್ಕೆ ತಮಿಳೇ ಸಲೀಸು. ನಾನು ಕನ್ನಡದಲ್ಲಿ ಹೇಳುವುದು, ಅಲ್ಲಿನ ಸೂಲಗಿತ್ತಿಯೊಬ್ಬಳು ಅದನ್ನು ತಮಿಳಿನಲ್ಲಿ ಹೇಳುವುದು ಅಂತ ಗೊತ್ತಾಯಿತು. ಇಬ್ಬರಿಗೂ ಒಂದೊಂದು ಮೈಕು. ರೇಡಿಯೋದವನು ತಿರುಪಿನ ಹತ್ತಿರ ಕೂತ.

"ಸೊಪ್ಪನ್ನು ತುಂಬಾ ಹೊತ್ತು ಬೇಯಿಸಬೇಡಿ," ಅಂದೆ. ಸೂಲಗಿತ್ತಿ ಅದನ್ನು ಐದು ನಿಮಿಷ ಹೇಳಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. "ಆರು ತಿಂಗಳಿಗೆ ಮಗುವಿಗೆ ರಾಗಿ ಮಣ್ಣಿ ತಿನ್ನಿಸಿ," ಅಂದೆ. ಮತ್ತೆ ಐದು ನಿಮಿಷ, ಮತ್ತೆ ನಗು. ರಾಗಿ ಮಣ್ಣಿಯಲ್ಲಿ ಇಷ್ಟು ನಗೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ಚೆನ್ನಾಗಿ ನಡೆದ ಸಭೆ ನನ್ನ ಸರ್ವೀಸಿನಲ್ಲೇ ಇಲ್ಲ ಅಂತ ಉಬ್ಬಿಹೋದೆ.

ಬಸ್ಸಿನಲ್ಲಿ ವಾಪಸು ಬರುವಾಗ ರೇಡಿಯೋದವನನ್ನು ಕೇಳಿದೆ. ಅವನಿಗೆ ತಮಿಳು ಬರುತ್ತಿತ್ತು. "ಅಲ್ಲಪ್ಪ, ಆಯಮ್ಮ ಏನು ಹೇಳ್ತಿದ್ದಳು?"

"ಎಲ್ಲಾ ನೀವು ಏಳ್ದಂಗೇ ಏಳುದ್ಲು ಅಮ್ಮಾವ್ರೆ. ಕೊನೇಲಿ ಮಾತ್ರ ಒಂದೊಂದು ಮಾತ ಸೇರಿಸ್ತಿದ್ಲು."

"ಏನಂತ?"

ಅವನು ಕಿಟಕಿಯಿಂದ ಆಚೆ ನೋಡುತ್ತಾ ಹೇಳಿದ. "'ಈಯಮ್ಮುಂಗೆ ಇನ್ನೂ ಮದ್ವೇನೇ ಆಗಿಲ್ಲ. ಸಂಬಳ ಕೊಡ್ತಾರೆ, ಏಳ್ತಾಳೆ. ಪಾಪ, ತಲೆ ಆಡುಸ್ರಿ. ಮಗೀನ ಇಸ್ಯ ಆಮೇಲೆ ನನ್ನ ಬಂದು ಕೇಳಿ' ಅಂತ."

ಮಾರನೆಯ ದಿನ ವರದಿ ಬರೆದೆ: 'ನಾಲ್ಕು ತಿರುಪಿನ ಯಂತ್ರದಲ್ಲಿ ಎರಡೂ ಧ್ವನಿಗಳು ಸಮನಾಗಿಯೂ ಸ್ಪಷ್ಟವಾಗಿಯೂ ಕೇಳಿಬಂದವು.'

ಯಳಂದೂರಿನ ಯಜಮಾನರು

ಎರಡು ತಿರುಪಿನದನ್ನು ಯಳಂದೂರಿಗೆ ಒಯ್ದೆವು. ಬಯಲಿನಲ್ಲಿ ರೈತರ ಸಭೆ. ಆಫೀಸರಿಗೆ ಒಂದು ಮೈಕು, ರೈತರ ನಡುವೆ ಉದ್ದ ತಂತಿಯ ಇನ್ನೊಂದು. ಅವರ ಹಿಂದೆ ಹೊಂಗೆ ಮರಕ್ಕೆ ಸ್ಪೀಕರು ಕಟ್ಟಿದ್ದೆವು.

ರೈತರಲ್ಲಿ ಒಬ್ಬರು ಯಜಮಾನರಿದ್ದರು. ತಲೆಗೆ ಬಿಳಿ ರುಮಾಲು, ಹಣೆಗೆ ವಿಭೂತಿ, ಬಹಳ ಮರ್ಯಾದಸ್ಥರು. ಆ ಸಲ ಭತ್ತದ ಸಾಲು ನಾಟಿ ಮಾಡಿ ಒಳ್ಳೆ ಬೆಳೆ ತೆಗೆದಿದ್ದರು. ಆಫೀಸರು ವೇದಿಕೆಯಿಂದ ಮೈಕಿನಲ್ಲಿ ಕೇಳಿದರು.

"ಯಜಮಾನರೇ, ಸಾಲು ನಾಟಿ ಹೇಗನ್ನಿಸಿತು? ನಾಲ್ಕು ಮಾತು ಹೇಳಿ."

ಯಜಮಾನರು ಎದ್ದರು. ಮಾತು ಹಿಂದಿನಿಂದ ಬಂದಿತ್ತು. ಹಿಂದಕ್ಕೆ ತಿರುಗಿ ಹೊಂಗೆ ಮರಕ್ಕೆ ಕೈಮುಗಿದು, "ಚೆನ್ನಾಗದೆ ಸಾ," ಅಂತ ಶುರುಮಾಡಿದರು. ಅವರ ಬೆನ್ನು ಮೈಕಿಗೆ.

"ಸ್ವಲ್ಪ ಈ ಕಡೆ ತಿರುಗಿ ಯಜಮಾನರೇ," ಅಂದರು ಆಫೀಸರು.

ಅದೂ ಮರದಿಂದಲೇ ಬಂತು. ಯಜಮಾನರು ಮರದ ಕಡೆಗೆ ನಾಲ್ಕು ಹೆಜ್ಜೆ ಹೋದರು.

"ಅಲ್ಲಲ್ಲ, ಇನ್ನೂ ಈ ಕಡೆ."

ಯಜಮಾನರು ಮರದ ಬುಡಕ್ಕೇ ಹೋಗಿ ನಿಂತು ಕತ್ತು ಮೇಲೆತ್ತಿದರು. ರೇಡಿಯೋದವನು ತಂತಿ ಎಳೆದುಕೊಂಡು ಓಡಿಹೋಗಿ ಬಾಯಿಗೆ ಮೈಕು ಹಿಡಿದ. ಸ್ಪೀಕರಿಗೆ ಅಷ್ಟು ಹತ್ತಿರ ಬಂದ ಮೈಕು ಕುಯ್ಯೋ ಅಂತ ಕಿರುಚಿತು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, "ಯಾಕ್ ಸಾ, ನಾನೇನ್ ತಪ್ಪ ಏಳ್ದೆ?" ಅಂತ ಮರವನ್ನು ಕೇಳಿದರು.

ನಾನು ಹೋಗಿ ಮೆಲ್ಲಗೆ, "ಯಜಮಾನರೇ, ಸಾಹೇಬರು ಅಗೋ ಅಲ್ಲಿದ್ದಾರೆ," ಅಂತ ವೇದಿಕೆ ತೋರಿಸಿದೆ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನನ್ನ ಬಗ್ಗೆ ಅಯ್ಯೋ ಅನ್ನಿಸಿರಬೇಕು.

"ಅಲ್ಲಿರೋರು ಬರೀ ಬಾಯಾಡಿಸ್ತಾವ್ರೆ ಕಣವ್ವ. ಮಾತಾಡ್ತಿರೋರು ಇಲ್ಲವ್ರೆ."

ಸಾಹೇಬರ ಭಾಷಣ

ಅವತ್ತು ಯಳಂದೂರಿಗೆ ಅಧ್ಯಕ್ಷರೂ ಬಂದಿದ್ದರು. ಎರಡು ತಿರುಪಿನ ಪೆಟ್ಟಿಗೆಗೆ ಸೇರುವ ಎರಡೇ ಮೈಕೂ ಆಫೀಸರಿಗೆ ಮತ್ತು ಯಜಮಾನರಿಗೆ ಹೋಗಿ, ಇವರು ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಉಳಿಯಿತು. ಮಾರನೆಯ ದಿನ ಬೆಳಿಗ್ಗೆ ಆಫೀಸಿಗೆ ಬಂದು, "ನಾಲ್ಕು ತಿರುಪಿಂದೇ ಇರ್ಲಿ," ಅಂತ ಸಹಿ ಹಾಕಿದರು.

ಅದರ ಉದ್ಘಾಟನೆಗೆ ಜಿಲ್ಲೆಯ ದೊಡ್ಡ ಸಾಹೇಬರೊಬ್ಬರು ಬಂದರು. ಉತ್ತರದ ಕಡೆಯವರು, ಚಿಕ್ಕ ವಯಸ್ಸು, ಈ ಸೀಮೆಗೆ ಬಂದು ತಿಂಗಳಾಗಿತ್ತು. ಕನ್ನಡದಲ್ಲೇ ಭಾಷಣ ಮಾಡುತ್ತೇನೆ ಅಂತ ಅವರ ಹಟ. ನಾನು ಭಾಷಣವನ್ನು ಕನ್ನಡದಲ್ಲಿ ಬರೆದು, ಅದನ್ನೇ ಹಿಂದಿ ಅಕ್ಷರದಲ್ಲಿ ಇಳಿಸಿ ಕೊಟ್ಟೆ. ಒಂದು ಪದದ ಅರ್ಥವೂ ಅವರಿಗೆ ಗೊತ್ತಿರಲಿಲ್ಲ.

ಒಂದನೇ ಮೈಕು ಸಾಹೇಬರಿಗೆ, ಎರಡನೆಯದು ಪ್ರಾರ್ಥನೆಗೆ, ನಾಲ್ಕನೆಯದು ಅಧ್ಯಕ್ಷರಿಗೆ. ಮೂರನೆಯದು ಪರದೆಯ ಮರೆಯಲ್ಲಿ, ನನ್ನ ಮುಂದೆ. ಕಾರ್ಯಕ್ರಮ ಹೇಳುವುದಕ್ಕೆ. ಪಕ್ಕದಲ್ಲಿ ರೇಡಿಯೋದವನು. ಒಂದು ಸ್ಪೀಕರು ಸಾಹೇಬರ ಪಕ್ಕದಲ್ಲೇ, ಮೆಲ್ಲನೆಯ ದನಿಯಾದರೆ ಅವರಿಗಷ್ಟೇ ಕೇಳುವಷ್ಟು ಹತ್ತಿರ.

ಸಾಹೇಬರು ಓದಲು ಶುರುಮಾಡಿದರು. ಒತ್ತಕ್ಷರ ಬಂದ ಕಡೆಯೆಲ್ಲ ಗಾಡಿ ನಿಲ್ಲುತ್ತಿತ್ತು. ನನ್ನ ಕೈಯಲ್ಲೂ ಒಂದು ಪ್ರತಿ ಇತ್ತು. ಮಗು ಪದ್ಯ ಒಪ್ಪಿಸುವಾಗ ತಾಯಿಯ ತುಟಿ ಆಡುತ್ತದಲ್ಲ, ಹಾಗೆ ನಾನೂ ಮೆಲ್ಲಗೆ ಓದುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಸಾಹೇಬರ ಓದು ಸರಾಗವಾಯಿತು. ಒಳ್ಳೆಯದಾಯಿತು ಅಂದುಕೊಂಡೆ. ನೋಡಿದರೆ ಅವರು ಕಾಗದ ಮಡಚಿ ಜೇಬಿಗಿಟ್ಟು, ತಲೆಯೆತ್ತಿ ಮಾತಾಡುತ್ತಿದ್ದಾರೆ. ನಾನು ಹೇಳಿದ ಮೇಲೆ ಅವರು ಹೇಳುತ್ತಿದ್ದಾರೆ.

"ಇದೇನಪ್ಪ, ಚೀಟಿ ಮಡಚಿಟ್ಟುಬಿಟ್ಟರಲ್ಲ," ಅಂದೆ ರೇಡಿಯೋದವನಿಗೆ.

ಸಾಹೇಬರು ಕೈಯೆತ್ತಿ ಗಂಭೀರವಾಗಿ, "ಇದೇನಪ್ಪ, ಚೀಟಿ ಮಡಚಿಟ್ಟುಬಿಟ್ಟರಲ್ಲ," ಅಂದರು. ಅಧ್ಯಕ್ಷರು ತಲೆದೂಗಿದರು.

ರೇಡಿಯೋದವನು ಪೆಟ್ಟಿಗೆಯ ಕಡೆ ಬಗ್ಗಿ ನೋಡಿ, "ಅಮ್ಮಾವ್ರೆ, ಮೂರನೇ ತಿರುಪು ತೆಗ್ದೇ ಅದೆ," ಅಂದ.

"ಅಮ್ಮಾವ್ರೆ," ಅಂದರು ಸಾಹೇಬರು. ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು. ಇಷ್ಟು ದೊಡ್ಡ ಸಾಹೇಬರು ತಮ್ಮನ್ನು ಹೀಗೆ ಕರೆದದ್ದು ಅವರಿಗೆ ಹಿಡಿಸಿತ್ತು. "ಮೂರನೇ ತಿರುಪು ತೆಗ್ದೇ ಅದೆ."

ಮೂರನೆಯದಕ್ಕೆ ಕೈ ಹಾಕಿದೆ. ಬೆರಳು ತಿರುಪಿನ ಮೇಲೆ ಇತ್ತು, ತಿರುಗಲಿಲ್ಲ. "ನನ್ನ ಕೆಲಸ ಹೋಯ್ತು," ಅಂತ ತಾನಾಗಿ ಬಾಯಿಗೆ ಬಂತು.

ಸಾಹೇಬರಿಗೆ ಆ ದನಿಯ ನಡುಕವೂ ಕೇಳಿಸಿರಬೇಕು. ಎದೆಯ ಮೇಲೆ ಕೈಯಿಟ್ಟು, ಅದೇ ನಡುಕದಲ್ಲಿ, "ನನ್ನ ಕೆಲಸ ಹೋಯ್ತು," ಅಂದರು.

ಇಡೀ ಸಭೆ 'ಅಯ್ಯೋ ಪಾಪ' ಅಂದಿತು. ಆಗ ನಾನು ತಿರುಪು ಮುಚ್ಚಿದೆ.

ಸಾಹೇಬರು ಮುಂದಿನ ಮಾತಿಗಾಗಿ ಸ್ಪೀಕರಿನ ಕಡೆ ನೋಡುತ್ತಾ ಕಾದರು. ಬರಲಿಲ್ಲ. ಕೊನೆಗೆ ತಾವಾಗಿ ಕಲಿತಿದ್ದ ಎರಡೇ ಕನ್ನಡ ಪದ ನೆನಪಿಸಿಕೊಂಡು, "ಊಟ ಆಯ್ತಾ?" ಅಂದರು.

"ಇನ್ನೂ ಇಲ್ಲ ಸಾ," ಅಂದಿತು ಸಭೆ. ಭಾಷಣ ಅಲ್ಲಿಗೆ ಮುಗಿಯಿತು.

ಊಟದ ಹೊತ್ತಿಗೆ ಸತ್ತೇಗಾಲದ ಒಬ್ಬ ಹಿರಿಯ ರೈತರು ಜನರನ್ನು ಸರಿಸಿಕೊಂಡು ಬಂದು ಸಾಹೇಬರ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ಬೇಜಾರ್ ಮಾಡ್ಕಬ್ಯಾಡಿ ಸಾ. ಇನ್ನೂ ಚಿಕ್ಕೋರು. ನಮ್ಮೂರ್ಗೆ ಬನ್ನಿ, ಗದ್ದೆ ಅದೆ, ಕಬ್ಬು ಅದೆ. ಲೆಕ್ಕ ಬರ್ಕಂಡು ನಮ್ಮ ಮನೇಲೇ ಇದ್ಬುಡಿ."

ಸಾಹೇಬರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವರು ಏನನ್ನುತ್ತಾರೆ ಅಂತ ಕೇಳಿದರು. ನನಗೆ ಉಳಿದ ದಾರಿ ಒಂದೇ. "ಸತ್ತೇಗಾಲಕ್ಕೆ ಬನ್ನಿ ಅಂತ ಕರೀತಿದ್ದಾರೆ ಸಾರ್," ಅಂದೆ.

ಅವರ ಮುಖ ಅರಳಿತು. 'ಬರುತ್ತೇನೆ' ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ನನ್ನಿಂದಲೇ ಕೇಳಿ ತಿಳಿದು, ಆ ರೈತರ ಎರಡೂ ಕೈ ಹಿಡಿದು, "ಬರ್ತೀನಿ, ಖಂಡಿತ ಬರ್ತೀನಿ," ಅಂದರು.

ಹಿರಿಯರು ಹೆಗಲ ಮೇಲಿನ ಸೆಲ್ಲೆಯಲ್ಲಿ ಕಣ್ಣೊರೆಸಿಕೊಂಡು ಜೊತೆಗಿದ್ದವನ ಕಡೆ ತಿರುಗಿದರು.

"ಒಪ್ಕಂಡ್ರು ಕಣ್ಲಾ. ಪಾಪ, ಎಷ್ಟು ಕಷ್ಟ ಇತ್ತೋ ಏನೋ."